ಬಾಗಿಲ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತಿತ್ತು

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ಹೆಂಗಸರ ಬೋಗಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಎರಡು ವರ್ಷ ನಾನು ಕೂತೇ ಪ್ರಯಾಣ ಮಾಡಿದೆ. ಉರಿಗಾಂನಲ್ಲಿ ಹತ್ತುತ್ತಿದ್ದ ಒಬ್ಬಳು ಪಕ್ಕದ ಸೀಟಿನ ಮೇಲೆ ತನ್ನ ಬುತ್ತಿಚೀಲ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದಳು. ಯಾರಾದರೂ ತಕರಾರು ತೆಗೆದರೆ 'ನಮ್ಮ ಪಾಪ ಬತ್ತಾಳೆ ಬಂಗಾರಪೇಟೇಲಿ' ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಿದ್ದಳಂತೆ. ಇಪ್ಪತ್ತಾರು ವರ್ಷದ ನನ್ನನ್ನು ಅವಳು ಚಿಕ್ಕ ಹುಡುಗಿಯಂತೆ 'ಪಾಪ' ಎಂದೇ ಕರೆಯುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಾನು 'ಅಕ್ಕ' ಎನ್ನುತ್ತಿದ್ದೆ.

ಅಕ್ಕ ವೈಟ್‌ಫೀಲ್ಡಿನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯಾಗಿರಲಿಲ್ಲ. ಉರಿಗಾಂನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಅವಳೂ ಅವಳ ಅಮ್ಮನೂ ಇಬ್ಬರೇ. ಮಾಲೂರು ದಾಟುವವರೆಗೆ ನಾವು ಮಾತಾಡುತ್ತಿದ್ದೆವು, ಆಮೇಲೆ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ವೈಟ್‌ಫೀಲ್ಡ್ ಬಂದಾಗ ಎಬ್ಬಿಸುವುದು ನನ್ನ ಕೆಲಸ.

ನನ್ನ ಇನ್ನೊಂದು ಕೆಲಸ ಟೀವಿಯದು. ಕಳೆದುಹೋದವರನ್ನು ಹುಡುಕಿ ಮನೆಯವರ ಜೊತೆ ಸೇರಿಸುವ ಒಂದು ಕಾರ್ಯಕ್ರಮ. ವೇದಿಕೆಯ ನಡುವೆ ಒಂದು ದೊಡ್ಡ ಬಿಳಿ ಬಾಗಿಲು. ಹುಡುಕುವವರು ಈಚೆ ನಿಂತಿರುತ್ತಾರೆ, ಕಳೆದುಹೋದವರು ಆ ಬಾಗಿಲಿಂದ ಬರುತ್ತಾರೆ. ಅಪ್ಪ ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕುವ ನಮ್ಮ ಮನೆಯಲ್ಲಿ ಟೀವಿಯಲ್ಲಿ ಕೆಲಸ ಎಂದರೆ ದೊಡ್ಡ ಮಾತು. ನನ್ನನ್ನು ತೆಗೆದುಕೊಂಡದ್ದು ನಮ್ಮ ಕಡೆಯವರೆಲ್ಲರಂತೆ ನನಗೂ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತಿದ್ದವು ಎನ್ನುವ ಕಾರಣಕ್ಕೆ. ಊರೂರು ಸುತ್ತಿ ಕತೆ ಹುಡುಕಿ ತರಬೇಕು. ತಂದ ಕತೆಯನ್ನು ಒಂದು ಫಾರಂನಲ್ಲಿ ತುಂಬಿಸಬೇಕು. ಹೆಸರು, ಊರು, ಯಾರನ್ನು ಹುಡುಕುತ್ತಿದ್ದಾರೆ, ಯಾಕೆ ಬೇರೆಯಾದರು. ಕೊನೆಯಲ್ಲಿ ಒಂದು ಕಲಂ: ಅಳು. ಬೇಗ, ನಿಧಾನ, ಇಲ್ಲ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮೊದಲ ತಿಂಗಳು ಆ ಕಲಂ ಬಂದಾಗ ನನ್ನ ಕೈ ತಡೆಯುತ್ತಿತ್ತು. ಎರಡನೆಯ ತಿಂಗಳು ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ನಾನು ಅದನ್ನು ಅಂದಾಜು ಮಾಡುತ್ತಿದ್ದೆ.

ಒಂದು ದಿನ ಟೇಕಲ್ ಹತ್ತಿರ ರೈಲು ಸಿಗ್ನಲ್‌ಗೆ ನಿಂತಿತು. ತುಂಬ ಹೊತ್ತು ನಿಂತಿತು. ಹೆಂಗಸರು ಹೂವು ಕಟ್ಟುತ್ತ, ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಕ್ಕ ಇದ್ದಕ್ಕಿದ್ದ ಹಾಗೆ, 'ನೀನು ಕಳ್ದೋದೋರ್ನ ಉಡುಕ್ತೀಯಲ್ಲಾ, ನಮ್ಮಣ್ಣನೂ ಓಗ್ಬುಟ್ಟವ್ನೆ' ಎಂದಳು.

ಚಿನ್ನದ ಗಣಿ ಮುಚ್ಚಿದ ಮರುವರ್ಷ ನಡೆದದ್ದು. ಅವಳಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವನು. ಕೆಲಸ ಹೋದ ಮೇಲೆ ದಿನವಿಡೀ ಮನೆಯಲ್ಲೇ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದ. ಅಣ್ಣನಿಗೆ ಆಗ ಇಪ್ಪತ್ತು. ಹಿಂದಿನ ಲೈನಿನ ಒಂದು ಹುಡುಗಿಯ ಜೊತೆ ಸ್ನೇಹವಿತ್ತು. ಅವನ ಚೀಟಿಗಳನ್ನು ಆ ಹುಡುಗಿಗೆ ತಲುಪಿಸುತ್ತಿದ್ದವಳು ಅಕ್ಕನೇ. ಅವಳಿಗೆ ಹದಿನಾಲ್ಕು ವರ್ಷ. ಒಂದು ಭಾನುವಾರ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಅಣ್ಣ ಅವಳನ್ನು ಬಿಟ್ಟು ತಾನೊಬ್ಬನೇ ಹೋದ. ಆ ಸಿಟ್ಟಿಗೆ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪ ಅವನನ್ನು ಬೀದಿಯ ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ನೀರಿಗೆ ನಿಂತಿದ್ದವರ ಎದುರಿಗೆ, ಆ ಹುಡುಗಿಯ ಎದುರಿಗೂ, ಬೆಲ್ಟಿನಿಂದ ಹೊಡೆದ. ಮಾರನೆಯ ಬೆಳಿಗ್ಗೆ ಅಣ್ಣ ಇರಲಿಲ್ಲ.

'ಅಪ್ಪ ಓದ, ಎದೇಲಿ ಗಣಿ ಧೂಳು ತುಂಬ್ಕೊಂಡು. ಅಮ್ಮ ಮಾತ್ರ ಇನ್ನೂ ಬತ್ತಾನೆ ಅಂತವ್ಳೆ. ಅವನು ಬರೋಗಂಟ ನಿನ್ನ ಮದ್ವೆ ಎಂಗೆ ಮಾಡ್ಲಿ ಅಂತ ಅಂದೂ ಅಂದೂ ನನ್ನ ವಯಸ್ಸೂ ಓಯ್ತು. ನಾನೇ ಚಾಡಿ ಏಳಿದ್ದು ಅಂತ ಅಮ್ಮಂಗೆ ಗೊತ್ತಿಲ್ಲ ಪಾಪ. ಯಾರಿಗೂ ಏಳಿಲ್ಲ ನಾನು.'

ರೈಲು ಹೊರಟಿತು. ಅವಳು ಅಳಲಿಲ್ಲ. ನನ್ನ ಮನಸ್ಸು ಆ ಕಲಂನಲ್ಲಿ 'ನಿಧಾನ' ಎಂಬುದಕ್ಕೆ ಗುರುತು ಹಾಕಿಯಾಗಿತ್ತು.

ಆ ವಾರ ನನ್ನ ಕೈಯಲ್ಲಿ ಬೇರೆ ಕತೆ ಇರಲಿಲ್ಲ. ಅಕ್ಕನನ್ನು ಒಪ್ಪಿಸಲು ನನಗೆ ನಾಲ್ಕು ದಿನ ಹಿಡಿಯಿತು. 'ಟೀವಿ ಎಲ್ಲ ಬ್ಯಾಡ, ನೀನೇ ಉಡುಕ್ಕೊಡು' ಎಂದಳು. ಟೀವಿಯವರಾದರೆ ಪೊಲೀಸರನ್ನು ಕೇಳುತ್ತಾರೆ, ಕಾರು ಇರುತ್ತದೆ, ಜನ ಇರುತ್ತಾರೆ, ನಾನೊಬ್ಬಳೇ ಏನು ಮಾಡಲಿ ಎಂದೆ. ಅದು ಸುಳ್ಳಲ್ಲ. ಕೊನೆಗೆ ಒಪ್ಪಿದಳು, ಒಂದು ಷರತ್ತು ಹಾಕಿ. ಚಾಡಿಯ ವಿಷಯ ಮಾತ್ರ ಎಲ್ಲೂ ಬರಬಾರದು. ಆಗಲಿ ಅಕ್ಕ ಎಂದೆ. ಅಷ್ಟು ಹೊತ್ತಿಗಾಗಲೇ 'ಯಾಕೆ ಬೇರೆಯಾದರು' ಎಂಬ ಕಲಂನಲ್ಲಿ ಅದನ್ನು ಬರೆದು ಆಫೀಸಿಗೆ ಕೊಟ್ಟಾಗಿತ್ತು. ವಾಪಸ್ಸು ಕೇಳಿ ಹೊಡೆದುಹಾಕಬಹುದಿತ್ತು. ಅದೇ ಆ ಕತೆಯ ಜೀವ ಎಂದು ನನಗೆ ಗೊತ್ತಿದ್ದುದರಿಂದ ಸುಮ್ಮನಿದ್ದೆ.

ಅಣ್ಣನನ್ನು ಹೊಸೂರಿನ ಬಸ್ ನಿಲ್ದಾಣದಲ್ಲಿ ಯಾರೋ ಒಮ್ಮೆ ನೋಡಿದ್ದರಂತೆ. ಸುಳಿವು ಅಷ್ಟೇ. ಹಳೆಯ ಫೋಟೋ ಒಂದನ್ನು ಹಿಡಿದು ನಾನು ಹೊಸೂರಿನ ಸಣ್ಣ ಕಾರ್ಖಾನೆಗಳ ಬೀದಿಗಳಲ್ಲಿ ಮೂರು ದಿನ ತಿರುಗಿದೆ. ಮೂರನೆಯ ದಿನ ಲೇತ್ ಅಂಗಡಿಯೊಂದರ ಮುದುಕ ಕನ್ನಡಕ ಹಾಕಿಕೊಂಡು ಫೋಟೋ ನೋಡಿದ. ಕೆಲಸದವನನ್ನು ಜೊತೆಗೆ ಕಳಿಸಿ ಮನೆ ತೋರಿಸಿದ. ಆ ಮುದುಕನ ಮುಖ ನೋಡಿಯೇ ನನಗೆ ತಿಳಿಯಬೇಕಿತ್ತು.

ಒಂದೇ ಕೋಣೆಯ ಮನೆ. ಒಳಗೆ ಕಾಲಿಟ್ಟ ಕೂಡಲೇ ಎದುರು ಗೋಡೆಯ ಮೇಲೆ ಅಕ್ಕನ ಮೂಗು, ಅಕ್ಕನ ಹಣೆ ಇದ್ದ ಒಬ್ಬ ಗಂಡಸಿನ ಫೋಟೋ. ಅದಕ್ಕೆ ಗಂಧದ ಚಕ್ಕೆಯ ಹಾರ. ಮೂರು ವರ್ಷದ ಹಿಂದೆ ಕಾಮಾಲೆಯಾಗಿ ಹೋಗಿದ್ದ. ಹೆಂಡತಿ ಗುಲಾಬಿ ತೋಟದಲ್ಲಿ ಹೂವು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಬೆರಳ ತುಂಬ ಮುಳ್ಳು ಗೀರಿದ ಗುರುತು. ಏಳನೇ ಕ್ಲಾಸು ಓದುವ ಒಬ್ಬ ಮಗಳು. ಹೆಂಡತಿ ತಮಿಳಿನಲ್ಲಿ ಹೇಳುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ. ಗಂಡ ಊರಿನ ಸುದ್ದಿ ಎತ್ತುತ್ತಿರಲಿಲ್ಲವಂತೆ. ಒಂದು ಸಲ ಮಾತ್ರ ಅಮ್ಮನನ್ನು ನೋಡಿಬರೋಣ ಎಂದು ಹೆಂಡತಿ ಮಗಳನ್ನು ಹೊರಡಿಸಿಕೊಂಡು ಬಂಗಾರಪೇಟೆಯವರೆಗೂ ಬಂದ. ಅಲ್ಲಿ ಇಳಿದು ಮಗಳಿಗೆ ಪಾನಿಪುರಿ ಕೊಡಿಸಿದ. ಆಮೇಲೆ ಏನನ್ನಿಸಿತೋ, ಇನ್ನೊಂದು ಸಲ ಬರೋಣ ಎಂದು ಅದೇ ಬಸ್ ನಿಲ್ದಾಣದಿಂದ ವಾಪಸ್ಸು ಕರೆದುಕೊಂಡು ಹೋದ.

'ಅತ್ತೆ ಇದ್ದಾರಾ?' ಎಂದು ಅವಳು ಕೇಳಿದಳು. ಇದ್ದಾರೆ ಎಂದೆ. 'ನಮ್ಮನ್ನು ಅವರ ಹತ್ತಿರ ಕರೆದುಕೊಂಡು ಹೋಗಿ' ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ವಾಪಸ್ಸು ಬರುವಾಗ ಬಸ್ಸಿನಿಂದ ನಾನು ಫೋನು ಮಾಡಿದ್ದು ಆಫೀಸಿಗೆ. ಮೊದಲು ಯಾರಿಗೆ ಹೇಳಬೇಕಿತ್ತು ಎಂಬುದು ಈಗ ಸ್ಪಷ್ಟವಾಗಿದೆ. ಆಗಲೂ ಸ್ಪಷ್ಟವಾಗಿಯೇ ಇತ್ತು.

ನಮ್ಮ ಕಾರ್ಯಕ್ರಮವನ್ನು ರೂಪಿಸುತ್ತಿದ್ದ ಕ್ರಿಯೇಟಿವ್ ಹೆಡ್ ಕೆಟ್ಟ ಮನುಷ್ಯನಾಗಿರಲಿಲ್ಲ. ಹುಷಾರಿಲ್ಲದಿದ್ದರೆ ಮನೆಗೆ ಕಳಿಸುತ್ತಿದ್ದ, ಬಿಸಿಲಿನಲ್ಲಿ ತಿರುಗಿ ಬಂದಾಗ ತಾನೇ ಟೀ ತರಿಸುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ಅವನು ಫೋನಿನಲ್ಲಿ ಒಮ್ಮೆ 'ಛೆ' ಎಂದ. ಪಾಪ ಅನ್ನಿಸಿರಬೇಕು ಎಂದುಕೊಂಡೆ.

'ಬಾಗಿಲು ತೆಗೀಲಿ' ಎಂದ. 'ಫೋಟೋ ಹಿಡ್ಕೊಂಡು ಹೆಂಡತಿ ಬರಲಿ.'

'ಸರ್, ಅವರಿಗೆ ಮೊದಲೇ ಹೇಳಿಬಿಡೋಣ.'

'ಹೇಳಿದ್ರೆ ಅವರು ಬರೋದೇ ಇಲ್ಲಮ್ಮ. ಎಲ್ಲಿ ಹೇಳಿದ್ರೂ ಹೋದೋರು ಹೋದೋರೇ. ಉರಿಗಾಂನಲ್ಲಿ ಹೇಳೋದಕ್ಕೂ ಇಲ್ಲಿ ಹೇಳೋದಕ್ಕೂ ಏನು ವ್ಯತ್ಯಾಸ? ಇಲ್ಲಾದ್ರೆ ಡಾಕ್ಟರ್ ಇರ್ತಾರೆ, ಸಮಾಧಾನ ಮಾಡೋರು ಇರ್ತಾರೆ. ಅತ್ತಿಗೆ ಸಿಗ್ತಾಳೆ, ಮಗು ಸಿಗುತ್ತೆ. ಒಳ್ಳೇದೇ ಅಲ್ವಾ?'

ನಮ್ಮಲ್ಲಿ ಡಾಕ್ಟರೂ ಇರಲಿಲ್ಲ, ಸಮಾಧಾನ ಮಾಡುವವರೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಅವನ ಮಾತಿನಲ್ಲಿ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಂತಾಯಿತು, ಹಿಡಿದುಕೊಂಡೆ. ಶೂಟಿಂಗಿಗೆ ಇನ್ನೂ ಮೂರು ವಾರ ಇತ್ತು.

ಮಾರನೆಯ ಬೆಳಿಗ್ಗೆ ರೈಲಿನಲ್ಲಿ ಅಕ್ಕ 'ಏನಾರ ಗೊತ್ತಾಯ್ತಾ ಪಾಪ?' ಎಂದಳು. ಹುಡುಕುತ್ತಿದ್ದಾರೆ ಅಕ್ಕ ಎಂದೆ. ಎರಡು ದಿನ ಬಿಟ್ಟು ಆಫೀಸಿನಿಂದ ಅವಳಿಗೆ ಫೋನು ಹೋಯಿತು, ನಿಮ್ಮ ಎಪಿಸೋಡ್ ಖಚಿತವಾಗಿದೆ ಎಂದು. ಹಾಗೆಂದರೆ ಅಣ್ಣ ಸಿಕ್ಕಿದ್ದಾನೆ ಎಂದೇ ಅವಳು ತಿಳಿದಳು. ಬೇರೆ ಏನೆಂದು ತಿಳಿಯಬೇಕಿತ್ತು? ಇಡೀ ಬೋಗಿಗೆ ಸುದ್ದಿ ಹರಡಿತು. ಹೂವು ಕಟ್ಟುವ ಹೆಂಗಸೊಬ್ಬಳು ಅವಳ ತಲೆಗೆ ಒಂದು ಮೊಳ ಕನಕಾಂಬರ ಮುಡಿಸಿದಳು. ಇನ್ನು ಮದುವೆ ಊಟ ಹಾಕಿಸಬೇಕು ನೀನು ಎಂದು ಎಲ್ಲರೂ ರೇಗಿಸಿದರು. ಅಕ್ಕ ಅವತ್ತು ಮಾಲೂರು ದಾಟಿದರೂ ನಿದ್ದೆ ಮಾಡಲಿಲ್ಲ.

ಮರುದಿನದಿಂದ ನಾನು ಹಿಂದಿನ ಬೋಗಿ ಹತ್ತಿದೆ, ನಿಂತೇ ಹೋದೆ. 'ಎಲ್ಲಿದ್ದೀಯ, ಸೀಟು ಇಡ್ದಿದೀನಿ' ಎಂದು ಫೋನು ಮಾಡಿದಳು. ಆಫೀಸಿನ ಹೊತ್ತು ಬದಲಾಗಿದೆ, ಮುಂದಿನ ರೈಲಿಗೆ ಬರುತ್ತೇನೆ ಎಂದೆ. ಅವಳು ಇಳಿದು ಹೋಗುವವರೆಗೂ ವೈಟ್‌ಫೀಲ್ಡಿನಲ್ಲಿ ಬಾಗಿಲಿಂದ ದೂರ ನಿಂತಿರುತ್ತಿದ್ದೆ.

ಆದರೆ ತಪ್ಪಿಸಿಕೊಳ್ಳಲಾಗಲಿಲ್ಲ. ವೇದಿಕೆಯ ಮೇಲೆ ತೋರಿಸಲು ಮೊದಲೇ ಒಂದು ಸಣ್ಣ ವಿಡಿಯೊ ಬೇಕಿತ್ತು. ಕ್ಯಾಮೆರಾದವರ ಜೊತೆ ನನ್ನನ್ನೇ ಉರಿಗಾಂಗೆ ಕಳಿಸಿದರು, ಮನೆಯವರಿಗೆ ನನ್ನ ಪರಿಚಯ ಇದೆಯಲ್ಲ ಎಂದು. ಅಕ್ಕನ ಅಮ್ಮ ಬೇತಮಂಗಲದ ಕಡೆಯ ಹೆಂಗಸು, ಸಣ್ಣ ಆಳು, ಮಂಡಿ ನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಳು. ನನ್ನನ್ನು ಕೂರಿಸಿ ಕಾಫಿ ಕೊಟ್ಟಳು. 'ಅವನು ದಪ್ಪ ಆಗವ್ನಾ? ಇಲ್ಲಿದ್ದಾಗ ಕಡ್ಡಿ ಇದ್ದಂಗಿದ್ದ' ಎಂದು ಕೇಳಿದಳು. ನಾನು ಕಾಫಿ ಕುಡಿಯುವವಳಂತೆ ಲೋಟದೊಳಗೆ ನೋಡಿದೆ.

ಅಣ್ಣನಿಗೆ ಅಕ್ಕ ಉಡುಗೊರೆ ಕೊಳ್ಳುವುದನ್ನೂ ಚಿತ್ರಿಸಿಕೊಂಡು ಬನ್ನಿ ಎಂದು ಆಫೀಸಿನಿಂದ ಹೇಳಿದ್ದರು. ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗೆ ಹೋದೆವು. ಅಕ್ಕ ಒಂದು ತಿಳಿನೀಲಿ ಅಂಗಿ ಆರಿಸಿದಳು. ಅಂಗಡಿಯವನು ಸೈಜು ಕೇಳಿದ. ಅಕ್ಕ ನನ್ನ ಕಡೆ ತಿರುಗಿ 'ಎಷ್ಟಿರಬೋದು ಪಾಪ?' ಎಂದಳು.

'ನಲವತ್ತೆರಡು ತಗೋ ಅಕ್ಕ' ಎಂದೆ.

ಬಾಯಿಂದ ಹಾಗೇ ಬಂದುಬಿಟ್ಟಿತು. ಫೋಟೋದಲ್ಲಿನ ಅವನ ಭುಜ ನನ್ನ ಕಣ್ಣಿನಲ್ಲಿತ್ತು. ಅಕ್ಕ ನನ್ನ ಮುಖವನ್ನೇ ನೋಡಿದಳು. ಕ್ಯಾಮೆರಾದವನಿಗೆ ಕೇಳಿಸದ ಹಾಗೆ, 'ನೀ ನೋಡಿದೀಯ ಅವನ್ನ' ಎಂದಳು. ನಾನು ಅಂಗಿಯ ಬೆಲೆಚೀಟಿ ತಿರುಗಿಸಿ ನೋಡಿದೆ. 'ಸರಿ ಬಿಡು, ಏಳಕೂಡ್ದು ಅಂತ ಕಟ್ಟು ಮಾಡಿರ್ತಾರೆ' ಎಂದು ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ ನಕ್ಕಳು. ಅಲ್ಲೇ ಹೇಳಬಹುದಿತ್ತು. ಅಂಗಡಿಯಿಂದ ಅವಳ ಮನೆಯವರೆಗೂ ಹೇಳಬಹುದಿತ್ತು.

ಅಮ್ಮನನ್ನೂ ವೇದಿಕೆಗೆ ಕರೆತರಬೇಕೆಂದು ಆಫೀಸಿನವರಿಗೆ ಆಸೆಯಿತ್ತು. ಆಕೆಗೆ ತಲೆಸುತ್ತು, ಅಷ್ಟು ದೂರ ಪ್ರಯಾಣ ಆಗದು ಎಂದು ನಾನು ಹಟ ಹಿಡಿದು ತಪ್ಪಿಸಿದೆ. ಆ ಮೂರು ವಾರದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಬಹಳ ದಿನ ಅಂದುಕೊಂಡಿದ್ದೆ.

ಶೂಟಿಂಗ್ ಮಧ್ಯಾಹ್ನ ಇತ್ತು. ಅಕ್ಕನಿಗೆ ಮುಖಕ್ಕೆ ಬಣ್ಣ ಹಚ್ಚಿ, ಸೆರಗಿಗೆ ಮೈಕ್ ಸಿಕ್ಕಿಸಿದರು. ಅತ್ತಿಗೆಯನ್ನು ಬೇರೆ ದಾರಿಯಿಂದ ಕರೆತಂದು ಬಾಗಿಲ ಹಿಂದೆ ನಿಲ್ಲಿಸಿದ್ದರು. ಅಕ್ಕನಿಗೆ ವಿಷಯವೆಲ್ಲ ತಿಳಿದಿದೆ, ನೀವು ಹೋಗಿ ತಬ್ಬಿಕೊಂಡರೆ ಸಾಕು ಎಂದು ನಮ್ಮವರು ಯಾರೋ ಅವಳಿಗೆ ಕನ್ನಡದಲ್ಲೇ ಹೇಳಿದ್ದರು. ಅದು ನನಗೆ ಆಮೇಲೆ ತಿಳಿಯಿತು. ನಾನು ಕ್ಯಾಮೆರಾದ ಪಕ್ಕ ಕತ್ತಲಲ್ಲಿ ನಿಂತಿದ್ದೆ.

ಸಂಗೀತ ಬಂತು, ಬಾಗಿಲು ತೆರೆಯಿತು. ಅತ್ತಿಗೆ ಹಾರ ಹಾಕಿದ ಫೋಟೋವನ್ನು ಎದೆಗೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದಳು. ಅಕ್ಕ ನಗುತ್ತಲೇ ಇದ್ದಳು. ಅವಳು ಫೋಟೋವನ್ನು ನೋಡಲಿಲ್ಲ. ಅದನ್ನು ಹಿಡಿದವಳ ಹಿಂದೆ, ಬಾಗಿಲ ಒಳಗೆ, ಕತ್ತು ಚಾಚಿ ಅಣ್ಣನಿಗಾಗಿ ನೋಡುತ್ತಿದ್ದಳು. 'ಎಲ್ಲಿ ಅವನು?' ಎಂದು ಅತ್ತಿಗೆಯನ್ನೇ ಕೇಳಿದಳು.

ಅತ್ತಿಗೆಗೆ ಆಗ ಅರ್ಥವಾಯಿತು. ಹಿಂದಕ್ಕೆ ತಿರುಗಿ ನಮ್ಮೆಲ್ಲರ ಕಡೆ ನೋಡಿ, ಇವಳಿಗೆ ಹೇಳೇ ಇಲ್ಲವಾ ನೀವು ಎಂದು ತಮಿಳಿನಲ್ಲಿ ಕೂಗಿದಳು. ಬಾಯಿಗೆ ಬಂದ ಹಾಗೆ ಬೈದಳು. ಅಕ್ಕ ಆಗ ಫೋಟೋ ನೋಡಿದಳು. ನಿಂತ ಜಾಗದಲ್ಲೇ ಕೂತುಬಿಟ್ಟಳು, ಅತ್ತದ್ದಿಲ್ಲ.

ಆ ಬೈಗುಳವನ್ನು ಟೀವಿಯಲ್ಲಿ ಹಾಕಲಾಗುವುದಿಲ್ಲ. ಇನ್ನೊಂದು ಟೇಕ್ ಬೇಕು ಎಂದರು. ತಮಿಳು ಬರುವವಳು ನಾನೊಬ್ಬಳೇ ಎಂದು ಅತ್ತಿಗೆಯನ್ನು ಸಮಾಧಾನ ಮಾಡಲು ಕಳಿಸಿದರು. ಅವಳು ನನ್ನ ಮುಖಕ್ಕೆ ಉಗಿಯಲಿಲ್ಲ, ಅಷ್ಟೇ. ಮತ್ತೆ ಬರಲು ಒಪ್ಪಿದ್ದು ಅಕ್ಕನನ್ನು ಮುಟ್ಟಲು ಬೇರೆ ದಾರಿಯಿಲ್ಲ ಎಂದು. ಆಮೇಲೆ ನಾನು ನೀರಿನ ಬಾಟಲಿ ಹಿಡಿದು ಅಕ್ಕನ ಹತ್ತಿರ ಹೋದೆ.

'ನಿಂಗೆ ಗೊತ್ತಿತ್ತಾ?' ಎಂದಳು.

ನಾನು, 'ಅಕ್ಕ, ಇನ್ನೊಂದೇ ಸಲ. ಅಲ್ಲಿಗೆ ಹೋಗಿ ನಿಂತ್ಕೋ ಅಕ್ಕ' ಎಂದೆ.

ಅವಳು ಎದ್ದಳು. ಸೆರಗು ಸರಿ ಮಾಡಿಕೊಂಡು ನೆಲದ ಮೇಲೆ ಅಂಟಿಸಿದ್ದ ಟೇಪಿನ ಗುರುತಿನ ಮೇಲೆ ಹೋಗಿ ನಿಂತಳು. ಯಾಕೆ ಹೋದಳು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಹನ್ನೆರಡು ವರ್ಷದಿಂದ ಮೇಲಿನವರು ಹೇಳಿದಲ್ಲಿ ಒರೆಸಿ, ಹೇಳಿದಲ್ಲಿ ನಿಂತು ಅಭ್ಯಾಸವಾದವಳು. ನಾನು ಅವತ್ತು ಅವಳಿಗೆ ಅಂಥ ಇನ್ನೊಬ್ಬ ಮೇಲಿನವಳು.

ಎರಡನೆಯ ಸಲ ಬಾಗಿಲು ತೆರೆದಾಗ ಅವಳು ಅತ್ತಳು. ಅತ್ತಿಗೆಯೂ ಅತ್ತಳು. ನಿರೂಪಕಿ ಇಬ್ಬರ ನಡುವೆ ಕೂತು, ಬಂಗಾರಪೇಟೆಯವರೆಗೂ ಬಂದು ಮಗಳಿಗೆ ಪಾನಿಪುರಿ ಕೊಡಿಸಿ ವಾಪಸ್ಸು ಹೋದ ಕತೆಯನ್ನು ನನ್ನ ಬರಹದಲ್ಲಿ ಇದ್ದ ಹಾಗೇ ಹೇಳಿದಳು. ಆಮೇಲೆ ಅಕ್ಕನ ಕೈ ಹಿಡಿದು ಮೆಲ್ಲಗೆ ಕೇಳಿದಳು: 'ಅವತ್ತು ನೀವು ಅಪ್ಪನಿಗೆ ಹೇಳದೇ ಇದ್ದಿದ್ರೆ ಅಣ್ಣ ಇವತ್ತು ಇರ್ತಿದ್ರು ಅನ್ಸುತ್ತಾ?'

ಅಕ್ಕ ತಲೆಯೆತ್ತಿ ಕ್ಯಾಮೆರಾಗಳ ಆಚೆ, ನಾನಿದ್ದ ಕತ್ತಲಿನ ಕಡೆ ನೋಡಿದಳು. 'ಅನ್ಸುತ್ತೆ' ಎಂದಳು.

ಕಾರಿನಲ್ಲಿ ವಾಪಸ್ಸು ಬರುವಾಗ ಅವಳೂ ಅತ್ತಿಗೆಯೂ ಹಿಂದಿನ ಸೀಟಿನಲ್ಲಿ ಕೈ ಹಿಡಿದುಕೊಂಡು ಕೂತಿದ್ದರು. ಅಮ್ಮನಿಗೆ ಮೊದಲು ತಿಳಿಯಲಿ ಎಂದು ಅತ್ತಿಗೆ ಬಂಗಾರಪೇಟೆಯಲ್ಲೇ ಇಳಿದು ಹೊಸೂರಿನ ಬಸ್ಸು ಹತ್ತಿದಳು. ಉರಿಗಾಂನಲ್ಲಿ ಇಳಿದ ಮೇಲೆ ಅಕ್ಕ ನನಗೆ ಒಂದೇ ಮಾತು ಹೇಳಿದಳು. 'ಅಮ್ಮಂಗೆ ನಾನೇ ಏಳ್ತೀನಿ. ಒಂದ್ ಅತ್ತು ದಿನ ಟೈಮ್ ಕೊಡಿ. ಅಲ್ಲೀಗಂಟ ಏನೂ ಏಳಕೂಡ್ದು ಅಂತ ಟೀವಿಯೋರು ಕಟ್ಟು ಮಾಡವ್ರೆ ಅಂತೀನಿ, ಟೀವಿಗೆ ಆಕ್ಬ್ಯಾಡಿ.'

ನಾನು ಆಫೀಸಿನಲ್ಲಿ ಕೇಳಿದೆ. ನಿಜಕ್ಕೂ ಕೇಳಿದೆ, ಎರಡು ಸಲ. ಪ್ರಸಾರದ ದಿನ ನಮ್ಮ ಕೈಯಲ್ಲಿಲ್ಲ ಎಂದರು. ನಾಲ್ಕನೆಯ ದಿನ ಸಂಜೆ ಧಾರಾವಾಹಿಗಳ ನಡುವೆ ಪ್ರೋಮೋ ಬಂತು. ಬಾಗಿಲು, ಹಾರ ಹಾಕಿದ ಫೋಟೋ, ಅಕ್ಕನ ಅಳು. ಅಕ್ಕ ಅಷ್ಟೊತ್ತಿಗೆ ರೈಲಿನಲ್ಲಿದ್ದಳು. ಅಮ್ಮ ಮನೆಯಲ್ಲಿ ಒಬ್ಬಳೇ ಟೀವಿ ಮುಂದೆ ಕೂತಿದ್ದಳು.

ಮುದುಕಿ ಎದೆಯೊಡೆದು ಸಾಯುತ್ತಾಳೇನೋ ಎಂದು ನಾನು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಎರಡು ದಿನದ ಮೇಲೆ ಪೂರ್ತಿ ಎಪಿಸೋಡ್ ಪ್ರಸಾರವಾಯಿತು, ಮಾರನೆಯ ಬೆಳಿಗ್ಗೆ ಅಕ್ಕನ ಫೋನು ಬಂತು. 'ಬಂದು ನೀನೇ ಏಳು. ಅಮ್ಮ ನಂಬ್ತಿಲ್ಲ' ಎಂದಳು.

ನಾನು ಹೋದೆ. ಅಮ್ಮ ಬಾಗಿಲಲ್ಲೇ ಕೂತಿದ್ದಳು. ಮುಖ ಗೆಲುವಾಗಿಯೇ ಇತ್ತು. 'ಬಾಮ್ಮ. ಇವಳು ಎಷ್ಟ್ ಚೆನ್ನಾಗಿ ಅತ್ತವ್ಳೆ ನೋಡ್ದಾ? ನಮ್ಮ ಲೈನ್‌ನೋರೆಲ್ಲಾ ಮೆಚ್ಕಂಡ್ರು' ಎಂದಳು.

'ಅಮ್ಮ, ಅದು ನಾಟಕ ಅಲ್ಲ. ಅವರು ನಿಜವಾಗಿ ಹೋಗಿಬಿಟ್ಟಿದ್ದಾರೆ. ನಾನೇ ಹೊಸೂರಿಗೆ ಹೋಗಿ ನೋಡಿ ಬಂದೆ.'

'ನೀನು ಟೀವಿಯೋಳಲ್ವಾ, ಅಂಗೇ ಏಳ್ಬೇಕು. ನಂಗೇನ್ ಗೊತ್ತಾಗಲ್ವಾ? ಒಂದ್ರಲ್ಲಿ ಸತ್ತೋದೋನು ಇನ್ನೊಂದ್ರಲ್ಲಿ ಮದ್ವೆಗಂಡಾಗಿ ಬತ್ತಾನೆ, ದಿನಾ ನೋಡ್ತೀನಿ. ಅವನ್ನ ಎಲ್ಲಿ ಇಟ್ಟಿದ್ದೀರ ಏಳು. ಮುಂದಿನ ಭಾಗದಲ್ಲಿ ಕರ್ಕೊಂಬತ್ತೀರಾ?'

ನಾನು ದೇವರ ಮೇಲೆ ಆಣೆ ಇಟ್ಟೆ. ಮಂಡಿಯೂರಿ ಅವಳ ಕಾಲು ಹಿಡಿದೆ. ಅವಳು ನನ್ನ ತಲೆ ಸವರಿ 'ನೀನೂ ಚೆನ್ನಾಗಿ ಮಾಡ್ತೀಯ' ಎಂದಳು. ವೇದಿಕೆಯ ಮೇಲೆ ಅವಳೂ ಇದ್ದಿದ್ದರೆ, ಸೊಸೆಯ ಕೈ ಮುಟ್ಟಿದ್ದರೆ, ಆ ಮೊದಲ ಬೈಗುಳ ಕೇಳಿದ್ದರೆ ನಂಬುತ್ತಿದ್ದಳೋ ಏನೋ. ಹಟ ಹಿಡಿದು ತಪ್ಪಿಸಿದವಳು ನಾನು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ಅಮ್ಮ ನೋಡಿದಳು. ಆಗ ಅವಳ ದನಿ ಬೇರೆಯಾಯಿತು.

'ಒಂದೇ ನಿಜ ಅದ್ರಲ್ಲಿ. ಇವಳು ಚಾಡಿ ಏಳಿದ್ದು. ಆಗ್ಲೇ ನಂಗೆ ಅನುಮಾನ ಇತ್ತು. ನನ್ನ ಮಗನ್ನ ಮನೆ ಬಿಡ್ಸಿದ್ದೂ ಇವಳೇ. ಈಗ ಟೀವಿಯಾಗ್ ಕಾಣ್ಸೋ ಆಸೆಗೆ ಬದುಕಿರೋನ್ನ ಸಾಯ್ಸಿದ್ದೂ ಇವಳೇ.'

ಅಕ್ಕ ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು.

ಮುಂದಿನ ವಾರ ಅತ್ತಿಗೆ ಮಗಳನ್ನು ಕರೆದುಕೊಂಡು ಉರಿಗಾಂಗೆ ಬಂದಳು. ಮರಣ ಪ್ರಮಾಣಪತ್ರವನ್ನೂ ತಂದಿದ್ದಳು. ಅಮ್ಮ ಅವರನ್ನು ಟೀವಿಯ ನೆಂಟರಂತೆ ಆದರಿಸಿದಳು, ಚಾಪೆ ಹಾಸಿ ಕಾಫಿ ಕೊಟ್ಟಳು. ಪತ್ರವನ್ನು ಕೈಯಲ್ಲಿ ಹಿಡಿಯದೆ, 'ಬೆಂಗ್ಳೂರಲ್ಲಿ ಏನ್ ಬೇಕಾದ್ರೂ ಪ್ರಿಂಟ್ ಆಕ್ತಾರೆ' ಎಂದಳು. ಹುಡುಗಿಯ ಕೆನ್ನೆ ಹಿಡಿದು 'ನೀನು ಯಾವ ಸೀರಿಯಲ್ಲಲ್ಲಿ ಬತ್ತೀಯಮ್ಮ?' ಎಂದು ಕೇಳಿದಳಂತೆ. ಆ ಮಗು ಅವತ್ತು ಮೊದಲ ಸಲ ಅಜ್ಜಿಯನ್ನು ನೋಡಿದ್ದು. ಅತ್ತಿಗೆ ಮತ್ತೆ ಆ ಮನೆಗೆ ಬರಲಿಲ್ಲ.

ಎಪಿಸೋಡನ್ನು ಬಹಳ ಜನ ನೋಡಿದರು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ನಾನೂ ಒಂದು ತುಂಡು ತಿಂದೆ. ಇದನ್ನು ಬರೆಯುವಾಗ, ಅದಾದ ಮೇಲೆ ಕೆಲಸ ಬಿಟ್ಟೆ ಎಂದು ಬರೆಯುವ ಆಸೆಯಾಗುತ್ತದೆ. ಬಿಡಲಿಲ್ಲ. ಕಾರ್ಯಕ್ರಮವನ್ನೇ ನಿಲ್ಲಿಸುವವರೆಗೂ, ಇನ್ನೂ ಎಂಟು ತಿಂಗಳು, ಅದೇ ಫಾರಂ ತುಂಬಿದೆ. ಅಳು ಎಂಬ ಕಲಂನಲ್ಲಿ ಗುರುತು ಹಾಕಿದೆ. ರೈಲಿನಲ್ಲಿ ಹಿಂದಿನ ಬೋಗಿಯಲ್ಲೇ ನಿಂತು ಹೋದೆ. ಅಕ್ಕನ ಪಕ್ಕದ ಸೀಟಿನಲ್ಲಿ ಬೇರೆ ಯಾರಾದರೂ ಕೂರುತ್ತಿದ್ದರೋ ಇಲ್ಲವೋ ನೋಡಲು ಹೋಗಲಿಲ್ಲ. ಈಗ ಬಂಗಾರಪೇಟೆಯ ತಾಲ್ಲೂಕು ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತೇನೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಳು. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಬಾಳೆಎಲೆಯ ಸುರುಳಿ, ಒಂದು ಸ್ಟೀಲ್ ಡಬ್ಬಿ. ತಪ್ಪಿಸಿಕೊಂಡು ಹೋಗಲು ನೋಡಿದೆ, ಅವಳೇ ಕರೆದಳು.

'ಒಸೂರಿಗೆ ಓಯ್ತಿದೀನಿ. ಅತ್ತಿಗೆ ಮನೇಲಿ ಅವನಿಗೆ ಎಡೆ ಇಡ್ತೀವಿ, ವರ್ಷವರ್ಷ. ಇಲ್ಲಿ ಇಡಕ್ಕಾಗಲ್ಲ, ಬದುಕಿರೋನಿಗೆ ಎಡೆ ಇಡ್ತೀಯಾ ಅಂತ ಅಮ್ಮ ಎಲೆ ಕಿತ್ತಾಕ್ಬುಟ್ಲು.'

'ಅಮ್ಮನಿಗೆ ಏನು ಹೇಳಿ ಬಂದೆ ಅಕ್ಕ?'

'ಆಫೀಸಲ್ಲಿ ಓಟಿ ಐತೆ ಅಂದೆ. ಮೊದ್ಲು ಏಳಕ್ಕೆ ಆಯ್ತಿರ್ಲಿಲ್ಲ, ಮುಖ ನೋಡೇ ಇಡ್ದ್‌ಬುಡೋಳು. ಈಗ ಬತ್ತದೆ. ಮುಖ ಒಂಚೂರೂ ಬದಲಾಗಕೂಡ್ದು ಅಷ್ಟೇ.' ಡಬ್ಬಿಯ ಮುಚ್ಚಳ ಒತ್ತಿ ನೋಡಿ, 'ನಿನ್ನ ನೋಡಿ ಕಲ್ತೆ' ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕ್ಷಮಿಸು ಎಂದು ಕೇಳುವ ಧೈರ್ಯವಾದರೂ ನನಗೆ ಬರುತ್ತಿತ್ತು. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗವ್ಳೆ, ಶನಿವಾರ ಭಾನುವಾರ ಅದೇ ಹೊತ್ತಿಗೆ ಅದೇ ಚಾನೆಲ್ ಹಾಕಿಕೊಂಡು ಕೂರುತ್ತಾಳೆ, ಅದು ನಿಂತು ಎಷ್ಟೋ ಕಾಲವಾಯಿತು ಎಂದರೂ ಕೇಳುವುದಿಲ್ಲ ಎಂದಳು. ಅಷ್ಟರಲ್ಲಿ ಬ‌ಸ್ ಬಂತು. ಜನ ನುಗ್ಗಿದರು. ಅಕ್ಕ ಎಲೆ ಹರಿಯದಂತೆ ಸುರುಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಹತ್ತಿದಳು. ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತಳು.

ನಾನು ಅಂಗಡಿಗೆ ಹೋಗಿ ಶಟರ್ ಎತ್ತಿದೆ. ವಂಶವೃಕ್ಷದ ಅರ್ಜಿ ಬರೆಸಲು ಇಬ್ಬರು ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.